ಕುರಿಗಾಹಿ ಸಗಿನ್ ಯಾರವನು?

ಸೆಪ್ಟೆಂಬರ್ 14, 1992, ಸೋಮವಾರ

ರಕ್ತದೊತ್ತಡ ನೋಡಿದ ಡಾಕ್ಟರು, "ಕಲೀಮಾ ಎಜೆ, ಕೋಪ ಬಂದಾಗ ಬಾಯಿ ಬಿಡಬೇಡಿ, ಒಂದು ಪುಸ್ತಕದಲ್ಲಿ ಬರೆದುಬಿಡಿ" ಎಂದರು. ಎಲ್ಲರಿಗೂ ನಾನು ಎಜೆ, ಅಂದರೆ ಅಕ್ಕ. ಸರಿ, ಬರೆಯುತ್ತೇನೆ. ಈ ಪುಸ್ತಕ ಬೇಗ ತುಂಬುತ್ತದೆ.

ಇಪ್ಪತ್ತು ವರ್ಷಕ್ಕೂ ಮೇಲೆ ನಾನು ಈ ಕಚೇರಿಯಲ್ಲಿ ಪತ್ರ ಬರೆದಿದ್ದೇನೆ. ಎಲ್ಲವೂ ಮಾಸ್ಕೋಗೆ. ದಯವಿಟ್ಟು ಅನುಮತಿ ಕೊಡಿ, ದಯವಿಟ್ಟು ಸೂಚನೆ ಕೊಡಿ. ನಮ್ಮ ರಾಜಧಾನಿ ಬಿಷ್ಕೆಕ್‌ಗೆ ಹೊರದೇಶದ ಅತಿಥಿ ಬಂದರೆ ಯಾವ ಹೂವು ಕೊಡಬೇಕು ಎಂಬುದಕ್ಕೂ ಅಲ್ಲಿಂದಲೇ ಉತ್ತರ ಬರುತ್ತಿತ್ತು. ಆ ಕಾಲದಲ್ಲಿ ಒಂದು ಶಿಸ್ತಿತ್ತು. ಹೋದ ವರ್ಷ ಮಾಸ್ಕೋ ಆಳುತ್ತಿದ್ದ ಆ ದೊಡ್ಡ ದೇಶ ಒಡೆದ ಮೇಲೆ ಈಗ ಇಲ್ಲಿಯವರು ಸ್ವತಂತ್ರ ಗಣರಾಜ್ಯವಂತೆ. ಇವರ ವಿದೇಶಾಂಗ ಕಚೇರಿಯ ಮುಖ್ಯಸ್ಥ ಇಸಬೆಕ್ ನಿನ್ನೆ ಮೊನ್ನೆಯವರೆಗೆ ಭೂಗರ್ಭಶಾಸ್ತ್ರದ ಪಾಠ ಹೇಳುತ್ತಿದ್ದವರು, ಕಲ್ಲುಗಳ ಜೊತೆ ಮಾತಾಡಿ ರೂಢಿ. ಅವರ ಸಹಾಯಕ ಮೆಲಿಸ್‌ಗೆ ಮೂವತ್ತಾದರೂ ಬಾಯಿಗೆ ಬೀಗವಿಲ್ಲ. ಹೀಟರ್ ಕೆಟ್ಟಿದೆ, ಪೇಪರ್ ಇಲ್ಲ, ಸಂಬಳ ಯಾವಾಗ ಎಂದು ಯಾರಿಗೂ ಗೊತ್ತಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಇವತ್ತು ನಾರಿನ್ ಜಿಲ್ಲೆಯಿಂದ ತಂತಿ ಬಂತು. ಸಗಿನ್ ಎಂಬ ಕುರಿಗಾಹಿ ದಟ್ಟ ಮಂಜಿನಲ್ಲಿ ದಾರಿ ತಪ್ಪಿ, ಇನ್ನೂರು ಚಿಲ್ಲರೆ ಕುರಿಗಳ ಸಮೇತ ಘಟ್ಟ ದಾಟಿ ಗಡಿಯಾಚೆಗೆ ಇಳಿದುಬಿಟ್ಟಿದ್ದಾನೆ. ಆ ಕಡೆಯ ಕಾವಲಿನವರು ಹಿಡಿದಿಟ್ಟುಕೊಂಡಿದ್ದಾರೆ. ಹಿಮ ಬಿದ್ದು ಘಟ್ಟ ಮುಚ್ಚಿದರೆ ಮುಂದಿನ ವಸಂತದವರೆಗೆ ಅವನು ಅಲ್ಲೇ.

ನಾನು ತಕ್ಷಣ ಟೈಪ್‌ರೈಟರಿಗೆ ಹಾಳೆ ಹಾಕಿ ಮಾಸ್ಕೋದ ವಿಳಾಸ ಹೊಡೆಯಲು ಶುರು ಮಾಡಿದೆ. ಇಸಬೆಕ್ ಹಿಂದಿನಿಂದ ಬಂದು ನಿಂತರು.

"ಮಾಸ್ಕೋಗ್ಯಾಕೆ ಎಜೆ? ಕುರಿ ಹೋಗಿರೋದು ಪಕ್ಕದ್ಮನೆಗೆ. ಪಕ್ಕದ್ಮನೆಗೇ ಬರೀರಿ."

"ನೇರವಾಗಿಯಾ? ನಾವಾ?"

"ಮತ್ತಿನ್ಯಾರು, ನಮ್ಮಜ್ಜಿನಾ?"

ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ.

ಸೆಪ್ಟೆಂಬರ್ 16, ಬುಧವಾರ

ಬರೆದೆ. ಇದ್ದ ಹಾಳೆಗಳ ತಲೆಯ ಮೇಲೆಲ್ಲ ಇಲ್ಲದ ದೇಶದ ಹೆಸರು ಅಚ್ಚಾಗಿದೆ. ಅದನ್ನು ಹೊಡೆದುಹಾಕಿ ಕಳಿಸೋಣ ಎಂದ ಮೆಲಿಸ್. ಬೇರೆಯವರ ಮದುವೆ ಕರೆಯೋಲೆಯಲ್ಲಿ ನಮ್ಮ ಹುಡುಗನ ಹೆಸರು ಬರೆದ ಹಾಗಾಗುತ್ತದೆ ಎಂದು ಗದರಿ, ಖಾಲಿ ಬಿಳಿ ಹಾಳೆಯ ಮೇಲೆ ಗಣರಾಜ್ಯದ ಹೆಸರನ್ನು ಟೈಪ್ ಮಾಡಿದೆ.

ಒಂದು ದೇಶ ಇನ್ನೊಂದು ದೇಶಕ್ಕೆ ಬರೆಯುವ ಪತ್ರದಲ್ಲಿ 'ನಾನು' ಇರುವುದಿಲ್ಲ, 'ನೀವು' ಇರುವುದಿಲ್ಲ. ಸಚಿವಾಲಯವು ತನ್ನ ಗೌರವಪೂರ್ವಕ ವಂದನೆಗಳನ್ನು ಸಲ್ಲಿಸುತ್ತದೆ, ಇಂಥ ವಿಷಯ ತಿಳಿಸುವ ಗೌರವ ಪಡೆಯುತ್ತದೆ, ಮತ್ತೊಮ್ಮೆ ವಂದನೆ ಸಲ್ಲಿಸಿ ಮುಗಿಸುತ್ತದೆ. ಸಹಿ ಇಲ್ಲ, ಕೊನೆಯಲ್ಲಿ ಮೊಹರು ಮತ್ತು ಹೊಣೆ ಹೊತ್ತವರ ಹೆಸರಿನ ಮೊದಲಕ್ಷರದ ಒಂದು ಮೊಟಕು ಗುರುತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸಗಿನ್‌ನನ್ನು ನಾನು "ಸದರಿ ವ್ಯಕ್ತಿ" ಎಂದು ಬರೆದೆ. ಯಾರ ಕಡೆಯ ವ್ಯಕ್ತಿ ಎಂದು ಬರೆಯಲಿಲ್ಲ. ಬರೆಯುವ ಅಧಿಕಾರ ನಮಗಿದೆಯೋ ಇಲ್ಲವೋ, ಯಾರನ್ನು ಕೇಳುವುದು?

ಆ ದೇಶದ ರಾಯಭಾರಿಗಳು ಇನ್ನೂ ಹೋಟೆಲಿನ ಎರಡು ಕೋಣೆಯಲ್ಲಿದ್ದಾರೆ. ನಾನೂ ಮೆಲಿಸೂ ನಡೆದೇ ಹೋಗಿ ಕೊಟ್ಟು ಬಂದೆವು. ಪೆಟ್ರೋಲ್ ಇಲ್ಲ. ಮೆಲಿಸ್ ಮದುಮಗನ ಹಾಗೆ ಎದೆಯುಬ್ಬಿಸಿ ನಡೆಯುತ್ತಿದ್ದ.

"ಎಜೆ, ಗೊತ್ತಾ, ನಾವು ನಾವಾಗೇ ಬರೆದ ಮೊದಲನೇ ಪತ್ರ ಇದು!"

"ಕಾಲ್ಕೆಳಗೆ ನೋಡ್ಕೊಂಡು ನಡಿ. ಚರಂಡಿ ಇದೆ."

ಸೆಪ್ಟೆಂಬರ್ 17, ಗುರುವಾರ

ಮೆಲಿಸ್ ಬೆಳಿಗ್ಗೆಯೇ ಸಗಿನ್‌ನ ಹಳ್ಳಿಯ ಅಂಚೆಕಚೇರಿಗೆ ಫೋನ್ ಮಾಡಿ "ಸುಯುಂಚು! ಸುಯುಂಚು!" ಎಂದು ಕೂಗಿದ್ದು ಇಡೀ ಮಹಡಿಗೆ ಕೇಳಿಸಿತು. ಒಳ್ಳೆಯ ಸುದ್ದಿ ತಂದವನು ಹಾಗೆ ಕೂಗಬೇಕು, ಕೇಳಿದವರು ಉಡುಗೊರೆ ಕೊಡಬೇಕು, ಆ ಉಡುಗೊರೆಗೂ ಅದೇ ಹೆಸರು. ಅದು ತಾತನ ಕಾಲದಿಂದ ನಡೆದುಬಂದದ್ದು. ಆದರೆ ಸುದ್ದಿಯೇನು? ಪತ್ರ ಹೋಯಿತು ಎಂಬುದಷ್ಟೆ! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತು. ಬೈದೆ. "ಒಳ್ಳೆ ಸುದ್ದಿ ಅಲ್ವಾ ಎಜೆ?" ಎಂದು ಕಣ್ಣು ಪಿಳಿಪಿಳಿ ಬಿಟ್ಟ.

ಸೆಪ್ಟೆಂಬರ್ 28, ಸೋಮವಾರ

ಏನೆಂದು ಬರೆಯಲಿ! ಬೆಳಿಗ್ಗೆ ಕಚೇರಿಗೆ ಬಂದರೆ ಅಂಗಳದ ಪಾಪ್ಲರ್ ಮರಕ್ಕೆ ಒಂದು ಟಗರು ಕಟ್ಟಿಹಾಕಿದೆ. ಪಕ್ಕದಲ್ಲಿ ಕೆಂಪು ಕೆನ್ನೆಯ ಒಬ್ಬ ಹೆಂಗಸು, ತಲೆಗೆ ಬಿಳಿ ವಸ್ತ್ರ, ಕೈಯಲ್ಲಿ ಗಂಡಸರ ಹೊಸ ಕೋಟು. ನಾರಿನ್‌ನಿಂದ ಕಲ್ಲಿದ್ದಲ ಲಾರಿಯಲ್ಲಿ ಬಂದಿದ್ದಾಳೆ.

"ಮೆಲಿಸ್ ಅನ್ನೋರು ಯಾರು? ಸುಯುಂಚು ತಂದಿದೀನಿ. ಒಳ್ಳೆ ಸುದ್ದಿ ಕೊಟ್ಟೋರ ಋಣ ಇಟ್ಕೋಬಾರದು. ಎಲ್ಲಿ ಅವನು?"

"ಮೆಲಿಸ್ ಇನ್ನೂ ಬಂದಿಲ್ಲ ಕಣಮ್ಮ."

"ಅವರಲ್ಲ, ನಮ್ಮನೆಯವನು. ಸಗಿನ್. ಚಳಿ ಅಂತ ಕೋಟು ತಂದೆ."

ಒಂದೊಂದೇ ಕೇಳಿ ತಿಳಿದುಕೊಂಡೆ. ಹಳ್ಳಿಯಲ್ಲಿ ಸುದ್ದಿ ಬಾಯಿಂದ ಬಾಯಿಗೆ ಬೆಳೆದು, ಸಗಿನ್ ಬಿಡುಗಡೆಯಾದ ಎಂದಾಗಿ, ಬಿಷ್ಕೆಕ್‌ನಲ್ಲಿ ಅಧ್ಯಕ್ಷರ ಜೊತೆ ಚಹಾ ಕುಡಿಯುತ್ತಿದ್ದಾನೆ ಎಂಬಲ್ಲಿಗೆ ಬಂದಿದೆ. ಕುರಿ ಕಡಿದು ಊರಿಗೆಲ್ಲ ಊಟ ಹಾಕಿದ್ದಾರೆ. ಅಂಚೆಯವಳಿಗೆ ಒಳ್ಳೆಯ ಶಾಲು ಹೋಗಿದೆ.

ನಾನೇ ಹೇಳಬೇಕಾಯಿತು. ಅವಳ ಹೆಸರು ಬಾತ್ಮಾ. ಅಳಲಿಲ್ಲ. ಕೋಟನ್ನು ಒಳಮಗ್ಗುಲು ಹೊರಗಾಗಿ ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಅಷ್ಟರಲ್ಲಿ ಮೆಲಿಸ್ ಬಂದ. ವಿಷಯ ತಿಳಿದು ಮುಖ ಹುಳ್ಳಗೆ ಮಾಡಿಕೊಂಡು ಟಗರಿನ ಹಗ್ಗ ಬಿಚ್ಚಿ ಅವಳ ಕೈಗೆ ಕೊಡಹೋದ.

"ತಗೋಳಿ ಅಕ್ಕ, ನಾನು ಇದಕ್ಕೆ ಯೋಗ್ಯ ಅಲ್ಲ."

"ಮುಟ್ಬೇಡ!" ಎಂದು ಬಾತ್ಮಾ ಕೂಗಿದ ಕೂಗಿಗೆ ಟಗರೂ ಹೆದರಿತು. "ಕೊಟ್ಟ ಸುಯುಂಚು ವಾಪಸ್ ತಗೊಂಡ್ರೆ ಅವನು ಬರಲ್ಲ ಅಂತ ನಾನೇ ಒಪ್ಪಿಕೊಂಡ ಹಾಗೆ. ನೀನು ಇಟ್ಕೊ. ಆದ್ರೆ ಅವನು ಬರೋವರೆಗೂ ಇದಕ್ಕೆ ಕತ್ತಿ ಹಾಕಿದ್ರೆ ನೋಡು!"

ಹೀಗಾಗಿ ಗಣರಾಜ್ಯದ ವಿದೇಶಾಂಗ ಕಚೇರಿಯ ಅಂಗಳದಲ್ಲಿ ಈಗ ತಿನ್ನುವಂತಿಲ್ಲದ, ಹಿಂದೆ ಕೊಡುವಂತಿಲ್ಲದ ಒಂದು ಟಗರಿದೆ. ಬಾತ್ಮಾ ನನ್ನ ಮನೆಯಲ್ಲಿದ್ದಾಳೆ. ಬೇರೆಲ್ಲಿಗೆ ಕಳಿಸಲಿ?

ಸೆಪ್ಟೆಂಬರ್ 30, ಬುಧವಾರ

ಬಾತ್ಮಾ ನನ್ನ ಅಡುಗೆಮನೆಯನ್ನು ತನ್ನ ಇಷ್ಟದ ಹಾಗೆ ಜೋಡಿಸಿಬಿಟ್ಟಿದ್ದಾಳೆ. ಚಹಾಕ್ಕೆ ಉಪ್ಪು ಹಾಕುತ್ತಾಳೆ. ಬೇಡ ಎಂದರೂ ಕೇಳುವವಳಲ್ಲ. ದಿನಕ್ಕೆ ನೂರು ಸಲ, "ಉತ್ತರ ಬಂತಾ ಎಜೆ?"

ಅಂಗಳಕ್ಕೆ ಬಂದ ಒಬ್ಬ ಯುರೋಪಿನ ರಾಯಭಾರಿ ಟಗರಿನ ಫೋಟೋ ತೆಗೆದುಕೊಂಡರು. ಇಸಬೆಕ್, "ಅದು ಶಿಷ್ಟಾಚಾರ ವಿಭಾಗದ್ದು" ಎಂದರಂತೆ.

ಅಕ್ಟೋಬರ್ 2, ಶುಕ್ರವಾರ

ಉತ್ತರ ಬಂತು. ಎಷ್ಟು ಮರ್ಯಾದೆಯ ಪತ್ರ! ಒಂದು ಸಾಲಿಗೂ ಹೆಸರಿಡುವಂತಿಲ್ಲ. ವಂದನೆ, ಗೌರವ, ಎಲ್ಲ ಇದ್ದಲ್ಲೇ ಇವೆ. ನಡುವೆ ಮಾತ್ರ ಒಂದು ಪ್ರಶ್ನೆ. ಸದರಿ ವ್ಯಕ್ತಿಯ ಬಳಿ ಇರುವ ಪಾಸ್‌ಪೋರ್ಟು ಈಗ ಇಲ್ಲದ ದೇಶದ್ದು. ಹಾಗಾದರೆ ಸದರಿ ವ್ಯಕ್ತಿ ಯಾವ ದೇಶದ ಪ್ರಜೆ, ಯಾವ ಕಾನೂನಿನ ಪ್ರಕಾರ ಎಂದು ದಯಮಾಡಿ ತಿಳಿಸಿದರೆ, ಅವನನ್ನು ಆ ದೇಶದವರ ವಶಕ್ಕೇ ಒಪ್ಪಿಸಲಾಗುವುದು.

ನಾನು ಬರೆಯದೆ ಬಿಟ್ಟದ್ದನ್ನೇ ಕೇಳಿದ್ದಾರೆ.

ಇಸಬೆಕ್ ಸಂಸತ್ತಿಗೆ ಫೋನ್ ಮಾಡಿದರು. ಪೌರತ್ವದ ಕಾನೂನು ಇನ್ನೂ ಆಗಿಲ್ಲ. ಕರಡು ಆಗುತ್ತಿದೆಯಂತೆ. ಬಹುಶಃ ಮುಂದಿನ ವರ್ಷ.

"ಹಾಗಾದ್ರೆ ಈಗ ನಾವೆಲ್ಲ ಯಾರು?" ಎಂದು ಕೇಳಿದ ಮೆಲಿಸ್.

ಅಕ್ಟೋಬರ್ 3, ಶನಿವಾರ

ರಜೆ. ಆದರೂ ಕಚೇರಿಗೆ ಹೋಗಿ ಮಾಸ್ಕೋದ ಲಿದಿಯಾ ಪಾವ್ಲೋವ್ನಾಗೆ ಫೋನ್ ಮಾಡಿದೆ. ಎಷ್ಟು ವರ್ಷಗಳ ಪರಿಚಯ! ನನ್ನ ಪತ್ರಗಳಿಗೆಲ್ಲ ಉತ್ತರ ಬರೆಯುತ್ತಿದ್ದವಳು ಅವಳೇ.

"ಅಯ್ಯೋ ಕಲೀಮಾ, ಇಷ್ಟಕ್ಕೆ ತಲೆ ಕೆಡಿಸ್ಕೊಂಡಿದೀಯಾ? ಮೊದಲಿನ ಹಾಗೇ ನಮಗೊಂದು ಮನವಿ ಕಳಿಸು. ಅವನು ನಮ್ಮವನು ಅಂತ ಅಲ್ಲಿರೋ ನಮ್ಮ ರಾಯಭಾರಿ ಹೇಳ್ತಾರೆ, ಮುಗೀತು. ವಿಮಾನ ಹತ್ತಿಸಿ ಮಾಸ್ಕೋಗೆ ಕಳಿಸ್ತಾರೆ. ಇಲ್ಲಿಂದ ನೀವು ಕರ್ಕೊಂಡು ಹೋಗಿ."

"ಕುರಿಗಳು?"

"ಕುರಿಗೆಲ್ಲ ವಿಮಾನ ಸಿಗುತ್ತೇನೇ!" ಎಂದು ನಕ್ಕಳು. ಒಳ್ಳೆಯ ಮನಸ್ಸಿನವಳು, ಸಹಾಯ ಮಾಡಬೇಕೆಂದೇ ಹೇಳಿದ್ದು.

ಎದೆ ಹಗುರಾಯಿತು. ಗೊತ್ತಿರುವ ದಾರಿ, ಗೊತ್ತಿರುವ ಪದಗಳು. ಸೋಮವಾರ ಬರೆದು ಕಳಿಸುತ್ತೇನೆ.

ಅಕ್ಟೋಬರ್ 4, ಭಾನುವಾರ

ಬಾತ್ಮಾಗೆ ಹೇಳಿದೆ. ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. ಕೈಯಲ್ಲಿದ್ದ ಹಿಟ್ಟು ಕೊಡವಿ ನನ್ನ ಮುಖ ನೋಡಿದಳು.

"ಮಾಸ್ಕೋಗಾ? ಎಜೆ, ಅವನು ನಾರಿನ್ ಸಂತೇಲೇ ದಾರಿ ತಪ್ಪಿಸ್ಕೊಳ್ತಾನೆ. ಮನೆ ಹಿಂದಿನ ಘಟ್ಟದಲ್ಲಿ ದಾರಿ ತಪ್ಪಿದೋನನ್ನ ಮಾಸ್ಕೋದಲ್ಲಿ ಬಿಡ್ತೀರಾ?"

"ನಾವು ಯಾರನ್ನಾದರೂ ಕಳಿಸ್ತೀವಿ."

"ಕುರಿ? ಅರ್ಧ ಕುರಿ ಊರೋರ್ದು. ಅವರಿಗೇನ್ ಹೇಳ್ಲಿ? ಗಂಡ ಮಾಸ್ಕೋದೋರ ಪಾಲು, ಕುರಿ ಗಡಿಯಾಚೆಯೋರ ಪಾಲು, ನಿಮಗೆ ಬರೀ ಸೊನ್ನೆ ಅನ್ಲಾ?" ಸ್ವಲ್ಪ ಹೊತ್ತು ಹಿಟ್ಟು ನಾದಿ, ಮತ್ತೆ ಕೇಳಿದಳು. "ಎಜೆ, ನೀವು ಇಷ್ಟು ದೊಡ್ಡ ಆಫೀಸಲ್ಲಿ ಕೂತಿದೀರ. ಅವನು ನಮ್ಮೋನು ಅಂತ ನೀವೇ ಯಾಕೆ ಹೇಳಬಾರದು? ಅಷ್ಟು ಹೇಳಕ್ಕೆ ಆಗಲ್ವಾ?"

"ಹಾಗೆಲ್ಲ ಬಾಯಿಗೆ ಬಂದಂಗೆ ಹೇಳಕ್ಕಾಗಲ್ಲ. ಕಾನೂನು ಬೇಕು" ಎಂದು ರೇಗಿದೆ.

"ಕಾನೂನು ಬರೋವರೆಗೂ ಹಿಮ ಕಾಯತ್ತಾ?"

ಸಿಟ್ಟು ಬಂತು. ಎದ್ದು ಹೋಗಿ ಬಟ್ಟೆ ಒಗೆದೆ. ಒಗೆದ ಬಟ್ಟೆಯನ್ನೇ ಮತ್ತೊಮ್ಮೆ ಒಗೆದೆ.

ಅಕ್ಟೋಬರ್ 5, ಸೋಮವಾರ

ಮಾಸ್ಕೋಗೆ ಮನವಿ ಬರೆಯಲು ಕುಳಿತೆ. "ತಮ್ಮ ಪ್ರಜೆಯಾದ ಸಗಿನ್" ಎನ್ನುವಲ್ಲಿಗೆ ಬಂದು ಕೈ ನಿಂತಿತು. ಸುಳ್ಳು ಬರೆದು ನನಗೆ ಅಭ್ಯಾಸವಿಲ್ಲ. ಸೊಕ್ಕಿನಿಂದಲ್ಲ, ಬರೀ ಅಭ್ಯಾಸವಿಲ್ಲ, ಅಷ್ಟೆ. ಹಾಳೆ ಎಳೆದು ತೆಗೆದೆ.

ಹಾಗಾದರೆ ಯಾರನ್ನು ಕೇಳುವುದು? ಮೇಲಿನವರು ಯಾರು ಎಂದು ಯೋಚಿಸಿದೆ. ನನ್ನ ಮೇಲೆ ಇಸಬೆಕ್. ಇಸಬೆಕ್ ಮೇಲೆ ಮಂತ್ರಿ, ಮಂತ್ರಿಯ ಮೇಲೆ ಅಧ್ಯಕ್ಷರು. ಅವರ ಮೇಲೆ? ಯಾರೂ ಇಲ್ಲ! ಬರೀ ಆಕಾಶ. ಹೆದರಿಕೆಯಾಯಿತು, ನಿಜ ಹೇಳುತ್ತೇನೆ. ಆಮೇಲೆ ಹೆದರಿಕೆ ಹೋಗಿ ಏನೋ ಬೇರೆಯೇ ಆಯಿತು.

ಬಾತ್ಮಾಳನ್ನು ಕರೆಸಿದೆ. "ನಿನ್ನ ಗಂಡನ ಏಳು ಅಪ್ಪಂದಿರ ಹೆಸರು ಹೇಳು" ಎಂದೆ. ಅಪ್ಪ, ಅಜ್ಜ, ಮುತ್ತಜ್ಜ, ಹೀಗೆ ಏಳು ತಲೆ. ನಮ್ಮಲ್ಲಿ ನಡೆಯಲು ಬಂದ ಮಗುವಿಗೆ ಮೊದಲು ಕಲಿಸುವುದೇ ಅದು. ಅವಳು ಉಸಿರು ತೆಗೆದುಕೊಳ್ಳದೆ ಹೇಳಿದಳು: ಜುಮಾಶ್, ಬೊರುಬಾಯ್, ತಿನಾಯ್, ಹೀಗೆ ಕೊನೆಯವರೆಗೂ. ಒಬ್ಬೊಬ್ಬರ ಗೋರಿ ಎಲ್ಲಿದೆ ಎಂದೂ ಕೇಳಿ ಬರೆದುಕೊಂಡೆ. ಏಳೂ ಗೋರಿ ಘಟ್ಟದ ಈಚೆಗೆ.

ಪತ್ರ ಬರೆದೆ. ಇಸಬೆಕ್ ಓದಿದರು. ಗಂಟಲು ಸರಿಮಾಡಿಕೊಂಡು ಮತ್ತೆ ಗಟ್ಟಿಯಾಗಿ ಓದಿದರು.

"ಸಚಿವಾಲಯವು ತನ್ನ ಗೌರವಪೂರ್ವಕ ವಂದನೆಗಳನ್ನು ಸಲ್ಲಿಸುತ್ತಾ, ಸಗಿನ್ ಬಿನ್ ಜುಮಾಶ್ ಈ ಗಣರಾಜ್ಯದ ಪ್ರಜೆ ಎಂದು ತಿಳಿಸುವ ಗೌರವ ಪಡೆಯುತ್ತದೆ. ಪೌರತ್ವದ ಕಾನೂನು ರಚನೆಯ ಹಂತದಲ್ಲಿದೆ. ಸಗಿನ್ ಅದಕ್ಕಿಂತ ಮೊದಲೇ ಹುಟ್ಟಿದ್ದಾನೆ. ಅವನ ಏಳು ತಲೆಮಾರಿನ ಹಿರಿಯರು ಈ ಗಣರಾಜ್ಯದ ನೆಲದಲ್ಲಿ ಮಲಗಿದ್ದಾರೆ. ಅವರ ಹೆಸರುಗಳು ಈ ಕೆಳಗಿನಂತಿವೆ."

"ಎಜೆ, ರಾಜತಾಂತ್ರಿಕ ಪತ್ರದಲ್ಲಿ ವಂಶಾವಳಿನಾ? ನಗ್ತಾರೆ."

"ನಗಲಿ. ಯಾವ ಕಾನೂನು ಅಂತ ಕೇಳಿದ್ರಲ್ಲ? ನಮ್ಮ ಹತ್ರ ಇರೋ ಹಳೇ ಕಾನೂನು ಇದೇ."

"ಮಾಸ್ಕೋನ ಒಂದು ಮಾತು ಕೇಳಿ..." ಎಂದು ಅವರೇ ಶುರು ಮಾಡಿದರು. ಕಲ್ಲಿನ ಮೇಷ್ಟ್ರಿಗೂ ಕೊನೆಗೆ ಪುಕ್ಕಲು!

"ಯಾಕೆ ಕೇಳ್ಬೇಕು? ಒಬ್ಬ ತಾಯಿ ತನ್ನ ಮಗನ್ನ ತನ್ನೋನು ಅನ್ನಕ್ಕೆ ಅಕ್ಕಪಕ್ಕದ ಮನೆಯೋರ ಅಪ್ಪಣೆ ಕೇಳ್ತಾಳಾ?"

ನನ್ನ ದನಿ ಬಾಗಿಲಾಚೆಗೆ ಹೋಗಿತ್ತು. ಮೆಲಿಸ್ ತಲೆ ಹಾಕಿದ. ಇಸಬೆಕ್ ಪೆನ್ನು ತೆಗೆದರು, ಮತ್ತೆ ಮುಚ್ಚಿದರು. "ಮಂತ್ರಿಗಳಿಗೆ ತೋರಿಸ್ತೀನಿ. ಆದ್ರೆ ಕೆಳಗಿನ ಗುರುತು ನೀವು ಹಾಕಿ ಎಜೆ. ಇದು ನಿಮ್ಮ ಪತ್ರ" ಎಂದರು.

ಹಾಕಿದೆ.

ಅಕ್ಟೋಬರ್ 6, ಮಂಗಳವಾರ

ಮಂತ್ರಿಗಳು ಒಪ್ಪಿದರು. ಹೋಟೆಲಿಗೆ ಕೊಟ್ಟು ಬಂದೆವು. ಮೆಲಿಸ್ ಫೋನಿನ ಹತ್ತಿರ ಸುಳಿಯಲಿಲ್ಲ.

ಲಿದಿಯಾ ಪಾವ್ಲೋವ್ನಾ ಫೋನ್ ಮಾಡಿದ್ದಳು. "ಮನವಿ ಬರಲೇ ಇಲ್ವಲ್ಲ ಕಲೀಮಾ?" ಧನ್ಯವಾದ ಹೇಳಿ, ನಾವೇ ನೋಡಿಕೊಳ್ಳುತ್ತಿದ್ದೇವೆ ಎಂದೆ. "ಒಳ್ಳೇದಾಗಲಿ" ಎಂದಳು. ಮನಸ್ಸಿನಿಂದಲೇ ಹೇಳಿದಳು ಎನ್ನಿಸಿತು.

ಅಕ್ಟೋಬರ್ 12, ಸೋಮವಾರ

ಉತ್ತರವಿಲ್ಲ. ಘಟ್ಟದ ಮೇಲೆ ಮೊದಲ ಹಿಮ ಎಂದು ರೇಡಿಯೋದಲ್ಲಿ ಬಂತು. ಬಾತ್ಮಾ ರೇಡಿಯೋ ಆರಿಸಿದಳು.

ಅಕ್ಟೋಬರ್ 15, ಗುರುವಾರ

ನನ್ನ ಹಟಕ್ಕೆ ಬೇರೆಯವಳ ಗಂಡನನ್ನು ಒತ್ತೆ ಇಟ್ಟೆನೇ? ಮಾಸ್ಕೋ ದಾರಿಯಲ್ಲಿ ಹೋಗಿದ್ದರೆ ಇಷ್ಟು ಹೊತ್ತಿಗೆ ಅವನು ವಿಮಾನ ಇಳಿದಿರುತ್ತಿದ್ದ. ಬಾತ್ಮಾ ನನ್ನನ್ನು ಬೈಯುವುದಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಕ್ಟೋಬರ್ 20, ಮಂಗಳವಾರ

ಬಂತು! ಬಂತು!

ಹೋಟೆಲಿನಿಂದ ಅವರೇ ತಂದು ಕೊಟ್ಟರು. ಹೊರಗಡೆ ಲಕೋಟೆಯ ಮೇಲೆ ನಮ್ಮ ಗಣರಾಜ್ಯದ ಹೆಸರು, ಪೂರ್ತಿಯಾಗಿ, ಅಚ್ಚುಕಟ್ಟಾಗಿ. ಪತ್ರದ ಒಕ್ಕಣೆ ಹೀಗಿತ್ತು: ಹಿಡಿದಿಟ್ಟ ದಿನವೇ ವಿಚಾರಣೆಯಲ್ಲಿ ನೀನು ಯಾರು ಎಂದು ಕೇಳಿದ್ದಕ್ಕೆ, ಸದರಿ ವ್ಯಕ್ತಿ ಬೇರೇನೂ ಹೇಳದೆ ಏಳು ಹೆಸರುಗಳನ್ನು ಹೇಳಿದ್ದ. ಅಂದು ಅದು ಕಾವಲಿನವರಿಗೆ ಅರ್ಥವಾಗದಿದ್ದರೂ ದಾಖಲಾಗಿತ್ತು. ಸಚಿವಾಲಯದ ಪತ್ರದಲ್ಲಿರುವ ಏಳು ಹೆಸರುಗಳೂ ಅದೇ ಕ್ರಮದಲ್ಲಿ ತಾಳೆಯಾಗಿವೆ. ಆದ್ದರಿಂದ ಗಣರಾಜ್ಯದ ಪ್ರಜೆಯಾದ ಸಗಿನ್‌ನನ್ನು ಅವನ ಕುರಿಗಳ ಸಮೇತ ಗಣರಾಜ್ಯದ ಪ್ರತಿನಿಧಿಗೆ ಒಪ್ಪಿಸಲಾಗುವುದು.

"ಗಣರಾಜ್ಯದ ಪ್ರಜೆಯಾದ." ಅವರೇ ಬರೆದಿದ್ದಾರೆ. ನಾನು ಆ ಸಾಲನ್ನು ಎಷ್ಟು ಸಲ ಓದಿದೆನೋ! ಹೆಮ್ಮೆಯಿಂದ ಎದೆ ಬಿರಿಯುವುದು ಎಂದು ಜನ ಹೇಳುವುದು ಸುಮ್ಮನೆ ಅಲ್ಲ.

ಕೋಟು ಹಾಕಿಕೊಳ್ಳದೆ ಹೊರಟೆ. ಐವತ್ತನಾಲ್ಕರ ಹೆಂಗಸು, ಎತ್ತರದ ಹಿಮ್ಮಡಿಯ ಬೂಟಿನಲ್ಲಿ ಬೀದಿಯುದ್ದಕ್ಕೂ ಓಡಿ, ಮನೆಯ ಮೆಟ್ಟಿಲ ಬುಡದಿಂದಲೇ "ಸುಯುಂಚು! ಬಾತ್ಮಾ, ಸುಯುಂಚು!" ಎಂದು ಕೂಗಿದೆ. ಪಕ್ಕದ ಮನೆಯವರೆಲ್ಲ ಬಾಗಿಲು ತೆರೆದರು. ಬಾತ್ಮಾ ಬಂದವಳೇ ತನ್ನ ಮೈಮೇಲಿದ್ದ ಮಖಮಲ್ಲಿನ ಮೇಲಂಗಿ ಕಳಚಿ ನನಗೆ ತೊಡಿಸಿ, ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಜೋರಾಗಿ ಅತ್ತಳು. ಇಷ್ಟು ದಿನದ್ದೆಲ್ಲ ಅತ್ತಳು. ನಾನೂ ಅತ್ತೆ. ಮೇಲಂಗಿ ನನಗೆ ಬಿಗಿ, ಗುಂಡಿ ಬೀಳುವುದಿಲ್ಲ.

ಸಂಜೆ, ಅವನು ಇನ್ನು ಬಂದ ಹಾಗೇ ಎಂದು ಬಾತ್ಮಾಳೇ ಅಪ್ಪಣೆ ಕೊಟ್ಟ ಮೇಲೆ, ಮೆಲಿಸ್ ಟಗರಿಗೆ ಒಂದು ಗತಿ ಕಾಣಿಸಿದ. ಹದಿನಾಲ್ಕು ಜನ, ಒಂದೇ ದೊಡ್ಡ ತಟ್ಟೆ. ಅಷ್ಟು ರುಚಿಯಾದ ಮಾಂಸ ನಾನು ತಿಂದಿರಲಿಲ್ಲ.

ಅಕ್ಟೋಬರ್ 27, ಮಂಗಳವಾರ, ನಾರಿನ್

ಪ್ರತಿನಿಧಿಯಾಗಿ ನನ್ನನ್ನೇ ಕಳಿಸಿದರು. ಎಲ್ಲಿಂದಲೋ ಪೆಟ್ರೋಲ್ ಹೊಂದಿಸಿ, ಜಿಲ್ಲೆಯವರು ಜೀಪು ಕೊಟ್ಟರು. ಬಾತ್ಮಾ, ಡ್ರೈವರು, ನಾನು. ಘಟ್ಟದ ಮೇಲೆ ಮೊಣಕಾಲೆತ್ತರ ಹಿಮ. ಇನ್ನೆರಡು ದಿನ ತಡವಾಗಿದ್ದರೆ ದಾರಿ ಇರುತ್ತಿರಲಿಲ್ಲ.

ಆ ಕಡೆಯಿಂದ ಅಧಿಕಾರಿಯೊಬ್ಬರು, ಎಳೆ ವಯಸ್ಸು, ಬಹಳ ಮರ್ಯಾದಸ್ಥರು, ರಸೀದಿ ಹಿಡಿದು ಬಂದರು. ರಷ್ಯನ್ ಭಾಷೆಯಲ್ಲಿ ಕೇಳಿದರು: "ಯಾರ ಪರವಾಗಿ ಪಡೆಯುತ್ತಿದ್ದೀರಿ?" ನಾನು ದೇಶದ ಹೆಸರು ಹೇಳಿದೆ. ಗಾಳಿ ಜೋರಾಗಿತ್ತು, ಹಾಗಾಗಿ ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದೆ. ಬರೆದುಕೊಂಡರು. ಸಹಿ ಮಾಡಿದೆ. ಇಬ್ಬರೂ ಕೈ ಕುಲುಕಿದೆವು, ಎರಡು ದೇಶಗಳ ಹಾಗೆ.

ಆಮೇಲೆ ಕುರಿಗಳು ಬಂದವು, ಅವುಗಳ ಹಿಂದೆ ನಾಯಿ, ನಾಯಿಯ ಹಿಂದೆ ಸಗಿನ್. ಕುಳ್ಳ, ಗಡ್ಡ ಬಿಟ್ಟಿದ್ದ, ಏನೂ ಆಗಿಲ್ಲವೆಂಬಂತೆ ಕುರಿ ಎಣಿಸುತ್ತಾ ಬಂದ. ಬಾತ್ಮಾ ಓಡಿಹೋಗಿ ಅವನ ಎದೆಗೆ ಎರಡೂ ಕೈಯಲ್ಲಿ ಗುದ್ದಿದಳು.

"ಮಂಜು ಅಂತೆ ಮಂಜು! ಕಣ್ಣಿಲ್ವಾ ನಿಂಗೆ? ಇಡೀ ಸರ್ಕಾರ ಕೆಲಸ ಬಿಟ್ಟು ನಿನ್ನ ಹುಡುಕ್ತಾ ಇತ್ತು!"

"ಸುಮ್ನಿರೇ, ಲೆಕ್ಕ ತಪ್ತು" ಎಂದ ಅವನು. ಆದರೆ ಅವಳ ಕೈಯನ್ನು ಬಿಡಲಿಲ್ಲ.

ನನ್ನ ಹತ್ತಿರ ಬಂದು ಎದೆಯ ಮೇಲೆ ಕೈ ಇಟ್ಟು ಬಾಗಿದ. ಆಮೇಲೆ ಅವನ ಕಣ್ಣು ಜೀಪಿನ ಮುಂಭಾಗಕ್ಕೆ ಹೋಯಿತು. ಕೆಂಪು ಬಟ್ಟೆ, ನಡುವೆ ಹಳದಿ ಸೂರ್ಯ, ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಈ ಮಾರ್ಚಿನಲ್ಲಷ್ಟೇ ಬಂದ ಹೊಸ ಬಾವುಟ. ಚಳಿಗಾಲ ಮುಗಿಯುವ ಮೊದಲೇ ಬೆಟ್ಟ ಹತ್ತಿದವನು, ಅದನ್ನು ನೋಡಿಯೇ ಇರಲಿಲ್ಲ.

"ಇದು ಯಾರ ಬಾವುಟ ಎಜೆ?"

"ನಿನ್ನದು ಕಣೋ" ಎಂದೆ.

ಸಗಿನ್ ಹತ್ತಿರ ಹೋಗಿ, ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಣ್ಣೆ ನೋಡುವ ಹಾಗೆ ಉಜ್ಜಿ ನೋಡಿದ. ಘಟ್ಟದ ತಲೆ ನೋಡಿದ. ಮತ್ತೆ ಬಾವುಟ ನೋಡಿದ.

"ಒಳ್ಳೆ ಬಣ್ಣ. ಎಂಥಾ ಮಂಜಲ್ಲೂ ಕಾಣತ್ತೆ" ಎಂದ. "ಇದನ್ನ ಅವತ್ತೇ ಆ ಘಟ್ಟದ ಮೇಲೆ ನೆಟ್ಟಿದ್ದಿದ್ರೆ, ನಾನ್ಯಾಕೆ ದಾರಿ ತಪ್ತಿದ್ದೆ?"